ನಮ್ಮ ಮತಗಟ್ಟೆಯ ಮೂರು ಮತ

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್ ಪಕ್ಕದ ಬೀದಿಯಲ್ಲಿ ನಾನು ಬಾಡಿಗೆಗಿದ್ದೆ. ಕೆಲಸ ಶಿವಮೊಗ್ಗದ ಪತ್ರಿಕೆಯೊಂದರಲ್ಲಿ. ನಮ್ಮ ಬೀದಿಯ ಮತ ಯಾವ ಕಡೆಗೆ ಎಂಬುದನ್ನು ಹೇಳಲು ವರದಿಗಾರ ಬೇಕಿರಲಿಲ್ಲ. ಮನೆಯೊಳಗಿನ ಮಾತು ತಮಿಳಿರಲಿ, ತೆಲುಗಿರಲಿ, ದಖನಿ ಇರಲಿ, ಕಾರ್ಮಿಕ ಸಂಘದವರು ತೋರಿಸಿದ ಅಭ್ಯರ್ಥಿಗೇ ಮತ. ಕಾರ್ಖಾನೆಯಲ್ಲಿ ಕೆಲಸ ಕಡಿಮೆಯಾದ ಮೇಲೂ ಆ ರೂಢಿ ಹೋಗಿರಲಿಲ್ಲ.

ನಗರಸಭೆ ಚುನಾವಣೆಯ ಎಣಿಕೆಯ ದಿನ ಮತಗಟ್ಟೆವಾರು ಅಂಕಿಗಳು ಕೈಗೆ ಬಂದವು. ನಮ್ಮ ಮತಗಟ್ಟೆಯಲ್ಲಿ ಎದುರು ಪಕ್ಷದ ಅಭ್ಯರ್ಥಿಗೆ ಬಿದ್ದದ್ದು ಮೂರೇ ಮತ. ಪುಟದಲ್ಲಿ ಸ್ವಲ್ಪ ಜಾಗ ಉಳಿದಿತ್ತು. ಇಡೀ ಮತಗಟ್ಟೆ ಒಂದು ಕಡೆ, ಮೂವರು ಮಾತ್ರ ಇನ್ನೊಂದು ಕಡೆ ಎಂದು ಆರು ಸಾಲಿನ ಬಾಕ್ಸ್ ಸುದ್ದಿ ಬರೆದೆ. ಅಂಕಿಯನ್ನು ಎರಡು ಸಲ ತಾಳೆ ನೋಡಿದ್ದೆ. ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಮರುದಿನ ಬೀದಿ ತುದಿಯ ಹೋಟೆಲಿನಲ್ಲಿ ಅದೇ ಮಾತು. ಕಾರ್ಖಾನೆಯಿಂದ ನಿವೃತ್ತರಾದ ಫಿಟ್ಟರ್ ಒಬ್ಬರು ಪತ್ರಿಕೆಯನ್ನು ನಾಲ್ಕಾಗಿ ಮಡಚಿ ಹಿಡಿದು, “ಯಾರ್ರೀ ಈ ಮೂರು ರತ್ನಗಳು?” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಎರಡು ದಿನಗಳಲ್ಲಿ ನಗು ಹೋಗಿ ಲೆಕ್ಕಾಚಾರ ಶುರುವಾಯಿತು. ಹೋಟೆಲಿನ ಎದುರು ಆಟೊ, ಸ್ಕೂಟರ್ ರಿಪೇರಿ ಮಾಡುವ ಮೆಕ್ಯಾನಿಕ್ ಒಬ್ಬರಿದ್ದರು. ಪ್ರಚಾರದ ವೇಳೆ ಎದುರು ಪಕ್ಷದವರ ಮೈಕು ಕಟ್ಟಿದ ಆಟೊ ಕೆಟ್ಟು, ಬ್ಯಾನರ್ ಸಮೇತ ಅವರ ಗ್ಯಾರೇಜಿನ ಮುಂದೆ ನಿಂತಿತ್ತು. ಅಷ್ಟೇ ಸಾಕಾಯಿತು. “ಏನ್ ಭಾಯ್, ಎಂಜಿನ್ ಜೊತೆ ವೋಟೂ ರಿಪೇರಿ ಮಾಡ್ಕೊಟ್ರಾ?” ಎಂದು ಒಬ್ಬ ಕೇಳಿದ. ಸಂಘದವರ ಆಟೊಗಳು ಬಸ್ ನಿಲ್ದಾಣದ ಬಳಿಯ ಗ್ಯಾರೇಜಿಗೆ ಹೋಗತೊಡಗಿದವು. ಫಿಟ್ಟರ್ ತಮ್ಮ ಸ್ಕೂಟರನ್ನೂ ಅಲ್ಲಿಗೇ ಒಯ್ದರು.

ಭಾನುವಾರ ಮೆಕ್ಯಾನಿಕ್ ನನ್ನ ಮನೆಗೆ ಬಂದರು. ಒಳಗೆ ಬನ್ನಿ ಎಂದರೂ ಬಾಗಿಲಲ್ಲೇ ನಿಂತರು.

“ಸಾರ್, ಪೇಪರ್‌ನಲ್ಲಿ ತಿದ್ದುಪಡಿ ಅಂತ ಹಾಕ್ತೀರಲ್ಲ, ಅದನ್ನ ಹಾಕಿ.”

“ಯಾವುದಕ್ಕೆ?”

“ಮೂರಲ್ಲ, ಮೂವತ್ತು ಅಂತ. ಸೊನ್ನೆ ಬಿಟ್ಟೋಗಿತ್ತು ಅಂತ ಬರೀರಿ.”

“ಮೂರು ಸರಿಯಾಗೇ ಇದೆಯಲ್ಲ ಭಾಯ್.”

“ಸರಿ ಇರೋದೇ ತಾಪತ್ರಯ. ಮೂವತ್ತು ಜನನ ಯಾರು ಹುಡುಕ್ತಾರೆ? ಮೂರು ಅಂದ್ರೆ ಬೆರಳು ಮಡಚ್ತಾ ಕೂತ್ಕೋತಾರೆ.”

ಸುಳ್ಳು ತಿದ್ದುಪಡಿ ಹಾಕಲಾರೆ ಎಂದೆ. “ನನ್ನದಲ್ಲ ಅಂತ ನೀವೇ ಹೇಳಿಬಿಡಬಹುದಲ್ಲ?”

“ಯಾಕೆ ಹೇಳ್ಲಿ? ಮನೇಲಿ ಹೆಂಡ್ತಿಗೂ ಹೇಳಿಲ್ಲ ನಾನು,” ಎಂದು ಅವರು ಹೊರಟುಹೋದರು.

ಆರು ಸಾಲಿನಲ್ಲಿ ನಾನು ಬರೆಯದೆ ಬಿಟ್ಟ ಸಂಗತಿ ಒಂದಿತ್ತು. ಆ ಮೂರರಲ್ಲಿ ಒಂದು ಮತ ನನ್ನದು. ಯಾರಿಗೆ ಮತ ಹಾಕಿದೆ ಎಂದು ವರದಿಗಾರ ಯಾರಿಗೂ ಹೇಳಬಾರದು ಎಂಬುದು ನಾನು ಕೆಲಸಕ್ಕೆ ಸೇರಿದ ದಿನದಿಂದ ಪಾಲಿಸಿದ ನಿಯಮ. ಅದರ ಮರೆಯಲ್ಲಿ ಕೂತು ಉಳಿದಿಬ್ಬರನ್ನು ಬೀದಿಗೆ ತಂದು ನಿಲ್ಲಿಸಿದ್ದೆ.

ಸೋಮವಾರ ಹೋಟೆಲಿನಲ್ಲಿ ಎಲ್ಲರ ಮುಂದೆ ಅದನ್ನು ಹೇಳಿದೆ. “ಇಷ್ಟು ದಿನ ನಮ್ ಜೊತೆ ಬೈಟು ಟೀ ಕುಡ್ಕೊಂಡು ಹಿಂಗಾ ಮಾರಾಯ್ರೇ?” ಎಂದರು ಫಿಟ್ಟರ್. ಆಮೇಲೆ ಒಬ್ಬೊಬ್ಬರೇ, ಯಾರೂ ಕೇಳದಿದ್ದರೂ, ದೇವರಾಣೆ ನನ್ನದಲ್ಲ ಎನ್ನತೊಡಗಿದರು.

ಮೆಕ್ಯಾನಿಕ್‌ಗೆ ಸಂತೋಷವಾದೀತು ಎಂದುಕೊಂಡಿದ್ದೆ. ಅವರಿಗೆ ಸಿಟ್ಟು ಬಂದಿತ್ತು. “ಎಂಥ ಕೆಲ್ಸ ಮಾಡಿದ್ರಿ ಸಾರ್! ಈಗ ಎಲ್ರೂ ಆಣೆ ಇಟ್ರು. ಬಾಯಿ ಬಿಡ್ದೆ ಇರೋನು ನಾನೊಬ್ನೇ ಉಳ್ಕೊಂಡೆ.”

ಅವರು ಹೇಳಿದ್ದು ಸರಿಯಿತ್ತು. ಸತ್ಯ ಹೇಳಿ ಹಗುರಾದವನು ನಾನು. ಅವರ ಮೇಲಿನ ಭಾರ ಹೆಚ್ಚಾಗಿತ್ತು. ಅಂದಿನಿಂದ ವಾರ್ಡಿನ ಒಟ್ಟು ಮತ ಬರೆಯುತ್ತೇನೆ, ಯಾರಿಗಾದರೂ ಒಂದಂಕಿಯ ಮತ ಬಿದ್ದ ಮತಗಟ್ಟೆಯನ್ನು ಹೆಸರಿಸುವುದಿಲ್ಲ. ಅದರಿಂದ ಅವರಿಗೇನೂ ಉಪಯೋಗವಾಗಲಿಲ್ಲ. ಎರಡು ತಿಂಗಳು ಗ್ಯಾರೇಜಿಗೆ ಬರುತ್ತಿದ್ದುದು ಹೆಚ್ಚಾಗಿ ದಾರಿಹೋಕರ ಗಾಡಿಗಳೇ.

ಒಂದು ಬೆಳಿಗ್ಗೆ ನಾನು ಗ್ಯಾರೇಜಿನ ಪಕ್ಕದಲ್ಲೇ ಬಸ್ಸಿಗೆ ಕಾಯುತ್ತಿದ್ದಾಗ ಫಿಟ್ಟರ್ ಸ್ಕೂಟರ್ ತಳ್ಳಿಕೊಂಡು ಗ್ಯಾರೇಜಿಗೆ ಬಂದರು. ಬಸ್ ನಿಲ್ದಾಣದ ಬಳಿಯ ಗ್ಯಾರೇಜಿನವನು ಎರಡು ಸಲ ಮಾಡಿಕೊಟ್ಟರೂ ಬ್ರೇಕ್ ಹಿಡಿಯುತ್ತಿರಲಿಲ್ಲವಂತೆ. ಮೆಕ್ಯಾನಿಕ್ ಕೂತು ಚಕ್ರ ತಿರುಗಿಸಿ ನೋಡಿದರು.

“ಈಗಾದ್ರೂ ಹೇಳು ಭಾಯ್,” ಎಂದರು ಫಿಟ್ಟರ್, ತಗ್ಗಿದ ದನಿಯಲ್ಲಿ. “ನಿಂದಲ್ಲ ತಾನೇ?”

ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟರು. “ಬ್ರೇಕ್ ಬೇಕಾ, ಬೇಡ್ವಾ?”

ಫಿಟ್ಟರ್ ಕೀಲಿಯನ್ನು ಸೀಟಿನ ಮೇಲೆ ಇಟ್ಟರು. ಸಂಜೆ ಬರುತ್ತೇನೆ ಎಂದು ಹೇಳಿ ನಡೆದೇ ಮನೆಗೆ ಹೋದರು.