ಆಡಿನ ಮರಿ ಹೇಳಿದ ಸಾಕ್ಷಿ

ನಾನು ಚಿಕ್ಕವನಿದ್ದಾಗ ನಮ್ಮ ಓಣಿಯಲ್ಲಿ ಒಂದೂ ಮರವಿರಲಿಲ್ಲ. ಅಜ್ಜ ಮಾತಿಗೆ ಹಾಗೆ ಹೇಳುತ್ತಿದ್ದಾನೆ ಎಂದುಕೊಳ್ಳಬೇಡಿ. ಒಂದೂ ಎಂದರೆ ಒಂದೂ ಇರಲಿಲ್ಲ. ಊರು ಶಹಾಬಾದ. ಆಗಿನ್ನೂ ನಮ್ಮ ರಾಜ್ಯಕ್ಕೆ ಮೈಸೂರು ಎಂದೇ ಹೆಸರು. ನಿಮ್ಮ ಅಡುಗೆಮನೆಯಲ್ಲಿ ನೀವು ಬರಿಗಾಲಲ್ಲಿ ಓಡಾಡುವ ಆ ಬೂದುಬಣ್ಣದ ಹಾಸುಗಲ್ಲು ಇದೆಯಲ್ಲ, ಅದು ನಮ್ಮೂರಿನ ನೆಲದೊಳಗಿಂದ ಬರುತ್ತಿತ್ತು. ಒಂದು ಮೊಳ ಅಗೆದರೆ ಸಾಕು, ರೊಟ್ಟಿಯ ಮೇಲೆ ರೊಟ್ಟಿ ಪೇರಿಸಿಟ್ಟಂತೆ ಕಲ್ಲಿನ ಪದರಗಳು. ಅವನ್ನು ಎಬ್ಬಿಸಿ, ಕಡಿದು, ಅಂಚು ನೇರ ಮಾಡುವುದು ಅಪ್ಪನ ಕೆಲಸ. ಓಣಿಯ ಹೆಚ್ಚಿನ ಗಂಡಸರಿಗೂ ಅದೇ ಕೆಲಸ. ನಮ್ಮ ಮನೆಯ ಗೋಡೆ ಕಲ್ಲು, ಮಾಳಿಗೆ ಕಲ್ಲು, ಬಚ್ಚಲು ಕಲ್ಲು. ಬೇಸಿಗೆಯಲ್ಲಿ ಹೊತ್ತು ಮುಳುಗಿದ ಮೇಲೂ ಗೋಡೆಗೆ ಬೆನ್ನು ಕೊಟ್ಟು ಕೂರಲು ಆಗುತ್ತಿರಲಿಲ್ಲ.

ಮನೆಗಳ ಮುಂದೆ ಒಂದು ಖಾಲಿ ಬಯಲಿತ್ತು. ಅದರ ಮೂಲೆಯಲ್ಲಿ ಇಡೀ ಓಣಿಗೆ ಒಂದೇ ನಳ. ಹಾಸುಗಲ್ಲು ಪೇರಿಸಿಡಲು ಆ ಬಯಲು ತಮಗೆ ಬೇಕೆಂದು ಕಲ್ಲಿನ ವ್ಯಾಪಾರಿಗಳು ಕೇಳಿದ್ದರು. ಅಪ್ಪ ಪುರಸಭೆಯ ಸಾಹೇಬರ ಮುಂದೆ ಹೋಗಿ ನಿಂತು, ಅಲ್ಲಿ ಗಿಡ ಬೆಳೆಸುತ್ತೇವೆ, ಬಯಲನ್ನು ನಮಗೇ ಬಿಡಿ ಎಂದು ಕೇಳಿಕೊಂಡ. ಸಾಹೇಬರು ಬೇವಿನ ಸಸಿ, ಬಾದಾಮಿ ಸಸಿಗಳನ್ನು ಗುಲ್ಬರ್ಗಾದಿಂದ ಲಾರಿಯಲ್ಲಿ ತರಿಸಿಕೊಟ್ಟರು. ಜೊತೆಗೆ ಒಂದು ಮಾತನ್ನೂ ಹೇಳಿದರು. ಮುಂದಿನ ಮಳೆಗಾಲಕ್ಕೆ ಬಂದು ನೋಡುತ್ತೇನೆ, ಗಿಡ ಬದುಕಿದ್ದರೆ ಬಯಲು ನಿಮ್ಮದು, ಇಲ್ಲದಿದ್ದರೆ ವ್ಯಾಪಾರಿಗಳದ್ದು. ಅಪ್ಪ ಓಣಿಯ ಪರವಾಗಿ ಹೂಂ ಎಂದು ಬಂದ.

ಗಿಡ ನೆಡುವುದರಲ್ಲಿ ನಮ್ಮವರಿಗೆ ಕಷ್ಟವೇನಿರಲಿಲ್ಲ. ಗುಂಡಿ ತೋಡುವವರೇ ಎಲ್ಲರೂ. ಕಷ್ಟ ಆಮೇಲಿನದು. ಹಿಂದೊಮ್ಮೆ ನೆಟ್ಟಾಗ ಸುತ್ತ ಜಾಲಿಮುಳ್ಳಿನ ಬೇಲಿ ಕಟ್ಟಿದ್ದರು. ಮುಳ್ಳು ಒಣಗುತ್ತಿದ್ದಂತೆ ಒಂದೊಂದೇ ಕಂಟಿ ಯಾರದೋ ಒಲೆ ಸೇರಿತು. ಬೇಲಿ ಹೋದ ಮೇಲೆ ಆಡುಗಳು ಬಂದು ಗಿಡಗಳನ್ನು ಮುಗಿಸಿದವು. ಹಾಗಾಗಿ ಈ ಸಲ ಅಪ್ಪ ಬೇರೆ ಉಪಾಯ ಮಾಡಿದ. ಪ್ರತಿ ಸಸಿಯ ಸುತ್ತ ನಾಲ್ಕು ಹಾಸುಗಲ್ಲುಗಳನ್ನು ನೆಟ್ಟಗೆ ಹೂಳಿ ಪೆಟ್ಟಿಗೆಯಂತೆ ಮಾಡಿದ. ಕಲ್ಲನ್ನು ಆಡೂ ತಿನ್ನುವುದಿಲ್ಲ, ಒಲೆಯೂ ತಿನ್ನುವುದಿಲ್ಲ. ರಜೆಯ ದಿನಗಳಲ್ಲಿ ಕೂತು ಅವುಗಳ ಅಂಚನ್ನು ಎಷ್ಟು ನಯ ಮಾಡಿದ್ದನೆಂದರೆ, ಬೇರೆ ಓಣಿಯವರು ಗಿಡ ನೋಡಲು ಬಂದು ಕಲ್ಲು ಸವರಿ ಹೋಗುತ್ತಿದ್ದರು.

ನಾನಾಗ ಹೈಸ್ಕೂಲಿನಲ್ಲಿದ್ದೆ. ಶಾಲೆಯ ಚರ್ಚಾಕೂಟದಲ್ಲಿ ಮಾಸ್ತರರು ನನ್ನನ್ನು ಒಂದು ವಾರ ವಿಷಯದ ಪರವಾಗಿ, ಮುಂದಿನ ವಾರ ಅದೇ ವಿಷಯದ ವಿರುದ್ಧ ನಿಲ್ಲಿಸುತ್ತಿದ್ದರು. ಅದರಿಂದ ನನಗೊಂದು ಚಟ ಹತ್ತಿತ್ತು. ಅವ್ವ "ರೊಟ್ಟಿ ಆಗ್ಯಾವ, ಬಾ" ಎಂದು ಕರೆದರೂ "ಪುರಾವೆ ಏನು?" ಎನ್ನುತ್ತಿದ್ದೆ. ಪಕ್ಕದ ಮನೆಯ ಚಾಚಾ ಸ್ಟೇಷನ್ನಿಗೆ ಟಾಂಗಾ ಹೊಡೆಯುತ್ತಿದ್ದರು, ಮನೆಯಲ್ಲಿ ಆಡು ಸಾಕಿದ್ದರು. ಅವರು ನನ್ನನ್ನು ಹೆಸರಿನಿಂದ ಕರೆದದ್ದೇ ಇಲ್ಲ. "ಏನ್ರಿ ವಕೀಲಸಾಬ, ಇವತ್ತು ಸೂರ್ಯ ಮೂಡ್ಯಾನೋ ಇಲ್ಲೋ? ನೀವು ಹೇಳಿದ್ರ ನಾ ಟಾಂಗಾ ಕಟ್ತೀನಿ" ಎಂದು ಕೆಣಕುತ್ತಿದ್ದರು.

ಬೇಸಿಗೆ ಏರಿತು. ಮನೆಗೊಂದು ಸರದಿಯಂತೆ ಗಿಡಗಳಿಗೆ ನೀರು ಹಾಕಬೇಕಿತ್ತು. ಮೊದಮೊದಲು ಜನ ನಗುನಗುತ್ತಾ ಹಾಕಿದರು. ಆಮೇಲೆ ನಳದಲ್ಲಿ ನೀರು ಸಣ್ಣ ದಾರದಂತೆ ಬರತೊಡಗಿತು, ನಗುವೂ ಅಷ್ಟೇ ಆಯಿತು. ಕುಡಿಯಲು ಸಾಲದ ನೀರನ್ನು ಕಡ್ಡಿಯ ಬುಡಕ್ಕೆ ಸುರಿಯಲು ಯಾರಿಗೆ ಮನಸ್ಸು ಬಂದೀತು? ಸರದಿ ತಪ್ಪಿದವರ ಪಾಲಿನ ಕೊಡವನ್ನು ಅಕ್ಕ ಹೊರುತ್ತಿದ್ದಳು. ಅಪ್ಪ ಖಣಿಯಿಂದ, ಅಂದರೆ ಕಲ್ಲು ತೆಗೆಯುವ ಗುಂಡಿಯಿಂದ, ಕಣ್ರೆಪ್ಪೆಯ ಮೇಲೂ ಧೂಳು ಹೊತ್ತು ಬಂದು, ಮುಖ ತೊಳೆಯುವ ಮೊದಲು ಗಿಡಗಳ ನಡುವೆ ಒಂದು ಸುತ್ತು ಹಾಕುತ್ತಿದ್ದ. ಅಷ್ಟಾದರೂ ಗಿಡಗಳು ಒಣಗುತ್ತಿದ್ದವು. ಎಲೆಯ ಅಂಚು ಕಂದಾಗುತ್ತಿತ್ತು, ಮಡಚಿಕೊಳ್ಳುತ್ತಿತ್ತು, ಉದುರುತ್ತಿತ್ತು. ನೀರು ಸಾಲದು ಎಂದು ಅಪ್ಪ ಹೇಳಿದ. ಇನ್ನೊಂದು ಕೊಡ ಎಂದರೆ ಅಕ್ಕನ ಸೊಂಟದ ಮೇಲೆ ಇನ್ನೊಂದು ಕೊಡ.

ಆ ದಿನ ಖಣಿಗೆ ರಜೆ. ನೆತ್ತಿಯ ಮೇಲೆ ಬಿಸಿಲು. ಅಕ್ಕ ಕಲ್ಲಿನ ಪೆಟ್ಟಿಗೆಯೊಂದಕ್ಕೆ ನೀರು ಸುರಿದು, ಒಳಗೆ ಬಿದ್ದಿದ್ದ ಒಣ ಎಲೆಗಳನ್ನು ತೆಗೆಯಲು ಬಗ್ಗಿದಳು. ಒಳಗಿನ ಕಲ್ಲಿಗೆ ಕೈ ತಾಗಿದ್ದೇ ತಡ, "ಅಯ್ಯವ್ವಾ!" ಎಂದು ಹಿಂದಕ್ಕೆ ಎಳೆದುಕೊಂಡಳು.

"ಲೇ, ಇಲ್ಲಿ ಬಾ" ಎಂದು ನನ್ನನ್ನು ಕರೆದಳು. "ಎಲ್ಲಾದಕ್ಕೂ ಪುರಾವೆ ಕೇಳ್ತಿಯಲ್ಲ, ಇದರಾಗ ಕೈ ಇಡು."

ಇಟ್ಟೆ. ನಾಲ್ಕೂ ಕಡೆಯ ಕಲ್ಲು ಕಾದು, ನಡುವಿನ ಗಾಳಿ ಅಲ್ಲಾಡದೆ ನಿಂತಿತ್ತು. ಒಲೆಯ ಬಾಯಿಗೆ ಮುಖ ಕೊಟ್ಟಂತಾಯಿತು. ಈಗಷ್ಟೇ ಸುರಿದ ನೀರಿನಿಂದ ಬೆಚ್ಚಗಿನ ಹಬೆ ಏಳುತ್ತಿತ್ತು. ನಾವು ಗಿಡಗಳಿಗೆ ನೀರು ಹಾಕುತ್ತಿರಲಿಲ್ಲ, ಅವುಗಳನ್ನು ಬೇಯಿಸುತ್ತಿದ್ದೆವು.

ಗಂಡಸರೆಲ್ಲ ಗೋಡೆಯ ತುಂಡುನೆರಳಿನಲ್ಲಿ ಕಾಲು ಮಡಚಿಕೊಂಡು ಕೂತಿದ್ದರು. ನಾನು ಹೋಗಿ ಅವರ ಮುಂದೆ ನಿಂತೆ.

"ಅಪ್ಪಾ, ಗಿಡ ನೀರಿಲ್ಲದಕ್ಕ ಸಾಯಲಿಕತ್ತಿಲ್ಲ. ನೀ ಇಟ್ಟ ಕಲ್ಲಿಗಿ ಸಾಯಲಿಕತ್ತಾವ."

ಅಪ್ಪ ತಲೆ ಎತ್ತಲಿಲ್ಲ. "ಕಲ್ಲು ಏನ್ ಮಾಡ್ಯಾದೋ ನಿನಗ? ಅದರ ಮ್ಯಾಲೇ ಹುಟ್ಟಿದಿ, ಅದರ ಮ್ಯಾಲೇ ಉಣ್ಣಾಕತ್ತಿ."

"ಒಳಗ ಕೈ ಇಟ್ಟು ನೋಡು. ಭಟ್ಟಿ ಆಗ್ಯಾದ."

ಅಪ್ಪ ನಿಧಾನವಾಗಿ ಎದ್ದ. ಬಂದು ಒಳಗಿನ ಕಲ್ಲಿಗೆ ಅಂಗೈ ಊರಿದ. ಊರಿಕೊಂಡೇ ನಿಂತ. ನಾನು ಕಾದೆ. "ಎಲ್ಲಿ ಸುಡ್ತದೋ? ಬೆಚ್ಚಗದ, ಅಷ್ಟ" ಎಂದ. ಉಳಿದವರೂ ಒಬ್ಬೊಬ್ಬರಾಗಿ ಬಂದು ಕೈ ಇಟ್ಟರು. ಒಬ್ಬರಿಗೂ ಸುಡಲಿಲ್ಲ. ಅವರು ಸುಳ್ಳು ಹೇಳುತ್ತಿರಲಿಲ್ಲ, ಮಕ್ಕಳೇ. ಬಿಸಿಲಿನಲ್ಲಿ ಕಲ್ಲೆತ್ತಿ ಎತ್ತಿ ಅವರ ಅಂಗೈ ಚಪ್ಪಲಿಯ ತೊಗಲಿನಷ್ಟು ದಪ್ಪವಾಗಿತ್ತು. ಅಪ್ಪ ಒಲೆಯಿಂದ ಕೆಂಡವನ್ನು ಬೆರಳಿನಲ್ಲೇ ಎತ್ತಿ ಬೀಡಿ ಹಚ್ಚುತ್ತಿದ್ದ. ಇಂಥವರ ಕೈಯಿಂದ ಬಿಸಿ ಅಳೆಯುವುದು ಹೇಗೆ?

"ನಿಮ್ಮ ಕೈ ಬ್ಯಾರೆ. ಇದು ದಿನಾ ರೊಟ್ಟಿ ಬಡಿಯೋ ಕೈ. ಹಂಚಿನ ಬಿಸಿ ಗೊತ್ತದ ನನಗ" ಎಂದಳು ಅಕ್ಕ.

"ಕೊಡ ಹೊತ್ತು ಸಾಕಾಗ್ಯಾದ ಹುಡುಗಿಗಿ, ಅದ್ಕ ಹಂಗಂತಾಳ" ಎಂದು ಒಬ್ಬರು ನಕ್ಕರು. ನನ್ನ ಮಾತಂತೂ ಲೆಕ್ಕಕ್ಕೇ ಇರಲಿಲ್ಲ. ವಾದ ಗೆಲ್ಲಲು ನಾನು ಏನನ್ನಾದರೂ ಹೇಳುವವನೆಂದು ಓಣಿಗೆ ಗೊತ್ತಿತ್ತು. ಆಗ ಚಾಚಾ ಬಂದು ಕೈ ಇಟ್ಟರು. "ಯಾ ಅಲ್ಲಾ! ಕಬಾಬ ಆಯ್ತು ಕೈ!" ಎಂದು ಕುಣಿದರು. ಎಲ್ಲರೂ ಗೊಳ್ಳೆಂದರು.

"ಚಾಚಾ, ಕಲ್ಲು ತಗದ್ರ ಯಾರ ಆಡಿಗಿ ಹಬ್ಬ? ನಿಮ್ಮ ಮಾತು ಹ್ಯಾಂಗ ನಂಬೋದ್ರಿ?" ಎಂದು ಗಂಡಸರಲ್ಲೊಬ್ಬರು ಕೇಳಿದರು.

ಚಾಚಾ ಗಡ್ಡ ತುರಿಸಿಕೊಂಡರು. "ಅದೂ ಖರೇ ಅದ" ಎಂದರು.

ಗಂಡಸರು ಮತ್ತೆ ನೆರಳಿಗೆ ಹೋಗಿ ಕೂತರು. ದಣಿದ ಜನರನ್ನು ವಾದದಲ್ಲಿ ಸೋಲಿಸುವುದು ಬಹಳ ಕಷ್ಟ. ಅವರು ಎದುರುತ್ತರ ಕೊಡುವುದಿಲ್ಲ, ಸುಮ್ಮನೆ ಕಣ್ಣು ಮುಚ್ಚುತ್ತಾರೆ. ಆದರೆ ಚಾಚಾಗೆ ಅವರು ಹೇಳಿದ ಮಾತು ನನ್ನ ತಲೆಯಲ್ಲಿ ಕೂತಿತು. ತನಗೆ ಲಾಭವಿರುವವನ ಸಾಕ್ಷಿ ನಡೆಯುವುದಿಲ್ಲ. ಸರಿ. ಹಾಗಾದರೆ ತನಗೆ ನಷ್ಟವಾದರೂ ಕಲ್ಲು ಸುಡುತ್ತದೆ ಎನ್ನುವ ಸಾಕ್ಷಿ ಬೇಕು. ಎಲೆ ಬಿಟ್ಟುಬರಲು ಯಾರಿಗೆ ಎಲ್ಲರಿಗಿಂತ ಹೆಚ್ಚು ಸಂಕಟ?

"ಚಾಚಾ, ನಿಮ್ಮ ಮರಿ ಕೊಡ್ರಿ" ಎಂದೆ.

"ಯಾಕ, ಅದಕ್ಕೂ ವಕೀಲಿ ಕಲಿಸ್ತಿಯೇನು?"

"ಸಾಕ್ಷಿ ಹೇಳಲಿಕ್ಕ."

ಆ ಮರಿ ಕರಿಬಣ್ಣದ್ದು, ಇಡೀ ಓಣಿಗೆ ಕುಪ್ರಸಿದ್ಧ. ಚಾಚಾನ ಲುಂಗಿಯ ಅಂಚು, ಅವ್ವನ ಕಸಬರಿಗೆ, ನನ್ನ ಶಾಲೆಯ ಟೊಪ್ಪಿಗೆ, ಎಲ್ಲವನ್ನೂ ರುಚಿ ನೋಡಿತ್ತು. ಬಾದಾಮಿ ಗಿಡವೊಂದರಲ್ಲಿ ಇನ್ನೂ ಎರಡು ಅಗಲವಾದ ಹಸಿರೆಲೆಗಳಿದ್ದವು. ಚಾಚಾ ಮರಿಯನ್ನು ಎತ್ತಿ ಆ ಪೆಟ್ಟಿಗೆಯೊಳಗೆ ಇಳಿಸಿದರು. ಗಂಡಸರು ಕುತೂಹಲಕ್ಕೆ ಮತ್ತೆ ಎದ್ದು ಬಂದರು. ಮರಿ ಎಲೆಗೆ ಮೂಗು ತಂದಿತು. ತಂದ ಮೂಗನ್ನು ಹಿಂದಕ್ಕೆ ತೆಗೆದುಕೊಂಡಿತು. ಒಂದು ಕಾಲೆತ್ತಿತು, ಅದನ್ನು ಇಳಿಸಿ ಇನ್ನೊಂದು ಎತ್ತಿತು. ಪಕ್ಕೆ ಕಲ್ಲಿಗೆ ತಾಗುತ್ತಲೇ ಚೀರಿ, ಮೇಲೆ ಹತ್ತಲು ಜಿಗಿಜಿಗಿದು ಬಿತ್ತು. ಎಲೆ ಅದರ ಬಾಯಿಗೆ ಉಜ್ಜುತ್ತಲೇ ಇತ್ತು. ಅದು ಬಾಯಿ ತೆರೆದದ್ದು ಅಳಲು ಮಾತ್ರ.

"ಸಾಕು, ಸಾಕು" ಎಂದು ಚಾಚಾ ತಾವೇ ಅದನ್ನು ಎತ್ತಿ ಎದೆಗೊತ್ತಿಕೊಂಡರು. ಕೆಳಗೆ ಬಿಟ್ಟಾಗ ಅದು ನೇರ ನಳದ ಹತ್ತಿರದ ಕೆಸರಿಗೆ ಓಡಿ, ಅಲ್ಲಿ ಬಿದ್ದಿದ್ದ ಗೋಣಿಚೀಲದ ಮೂಲೆಯನ್ನು ಅಗಿಯತೊಡಗಿತು. ಅದಕ್ಕೆ ಹಸಿವಿರಲಿಲ್ಲ ಎಂದು ಹೇಳುವ ದಾರಿಯೂ ಅಲ್ಲಿಗೆ ಮುಚ್ಚಿತು.

ಅಪ್ಪ ಮರಿಯನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ತಾನೇ ನಯ ಮಾಡಿದ ಕಲ್ಲಿನ ಅಂಚಿನ ಮೇಲೆ ಬೆರಳೆಳೆದ. ಆಮೇಲೆ, "ಸಬ್ಬಲ್ ತಾ" ಎಂದ.

ಶಾಲೆಯಲ್ಲಿ ಚರ್ಚೆ ಗೆದ್ದರೆ ಗಂಟೆ ಬಾರಿಸುತ್ತಿದ್ದರು, ಎಲ್ಲರೂ ಮನೆಗೆ ಹೋಗುತ್ತಿದ್ದೆವು. ಇಲ್ಲಿ ಗೆದ್ದ ಮೇಲೆ ಕೆಲಸ ಶುರುವಾಯಿತು. ಹೂಳಿದ್ದ ಕಲ್ಲನ್ನು ಆ ಬಿಸಿಲಿನಲ್ಲಿ ಸಬ್ಬಲ್ಲಿನಿಂದ, ಅಂದರೆ ಹಾರೆಯಿಂದ, ಮೀಟಿ, ಬೇರಿಗೆ ಪೆಟ್ಟಾಗದಂತೆ ಎತ್ತಬೇಕು. ಅಪ್ಪ ಮೊದಲನೆಯದನ್ನು ಕಿತ್ತ. ಉಳಿದವರು ಉಸ್ಸೆಂದು ಎದ್ದರು, ಬೈದುಕೊಂಡರು, ಕೈ ಹಾಕಿದರು. ಬೆವರು ಕಲ್ಲಿನ ಮೇಲೆ ಬಿದ್ದು ಬಿದ್ದಲ್ಲೇ ಆರುತ್ತಿತ್ತು. ಸಂಜೆಯ ಹೊತ್ತಿಗೆ ಗಿಡಗಳೆಲ್ಲ ಬಯಲಿನಲ್ಲಿ ಬಟ್ಟೆ ಬಿಚ್ಚಿದ ಮಕ್ಕಳಂತೆ ನಿಂತಿದ್ದವು. ಈಗ ಅವಕ್ಕೆ ಗಾಳಿಯಿತ್ತು, ಕಾವಲಿರಲಿಲ್ಲ.

"ಮಳಿ ಬರೋತನಕ ನನ್ನ ಆಡು ಕಟ್ಟೇ ಹಾಕ್ತೀನಿ" ಎಂದರು ಚಾಚಾ. "ಆದ್ರ ಮೇವು ಕೊಯ್ಕೊಂಡು ಬರೋರು ಯಾರು? ನಾ ಒಬ್ಬ ಮುದುಕ, ನಂದೊಂದು ಕುದುರಿ. ಅದರ ಹೊಟ್ಟಿಗೇ ಸಾಲಲ್ಲ."

"ನಾವು ತರ್ತೀವಿ" ಎಂದಳು ಅಕ್ಕ. ನಾವು ಎಂದರೆ ತಾನು ಮತ್ತು ನಾನು ಎಂದು ನನಗೆ ತಕ್ಷಣ ಅರ್ಥವಾಯಿತು. ಅವಳು ಅಲ್ಲಿಗೇ ಬಿಡಲಿಲ್ಲ, ಬಾಗಿಲಲ್ಲಿ ನಿಂತಿದ್ದ ಹೆಂಗಸರ ಕಡೆ ತಿರುಗಿದಳು. "ನಾಳಿ ಜಾಲಿಮುಳ್ಳು ಕಟ್ತೀವಿ. ಒಲಿಗಿ ಕಟಗಿ ಇಲ್ದಿದ್ರ ನಮ್ಮ ಮನಿಗಿ ಬಂದು ಕೇಳ್ರಿ ಯಕ್ಕಾ. ಬೇಲಿಗಿ ಕೈ ಹಾಕಬ್ಯಾಡ್ರಿ."

"ನಿಮ್ಮ ಮನ್ಯಾಗೇ ಕಟಗಿ ಇಲ್ಲಲ್ಲವಾ!" ಎಂದು ಯಾರೋ ಅಂದರು. ಆ ದಿನ ಮೊದಲ ಸಲ ಹೆಂಗಸರೆಲ್ಲ ನಕ್ಕರು.

ಅವತ್ತಿನಿಂದ ಎಲ್ಲವೂ ಸರಿಹೋಯಿತು ಎಂದು ಹೇಳಿದರೆ ನೀವು ನಂಬಬಾರದು. ಬೇಲಿಯ ಮುಳ್ಳು ಆಗೀಗ ಕಡಿಮೆಯಾಗುತ್ತಲೇ ಇತ್ತು, ನಾವು ಮತ್ತೆ ತಂದು ಕಟ್ಟುತ್ತಲೇ ಇದ್ದೆವು. ಯಾರದೋ ಆಡು ಹಗ್ಗ ಬಿಚ್ಚಿಕೊಂಡು ಬಂದು ಒಂದು ಬೇವನ್ನು ತಿಂದಿತು. ಅದು ನಮ್ಮದೇ ಬಂಧುಗಳ ಆಡು. ನೀರಿನ ಸರದಿಗೆ ದಿನಾ ಜಗಳ. ರಸ್ತೆಯ ಕಡೆಯ ಗಿಡಗಳು ಆಗಲೇ ಒಳಗೆ ಬೆಂದುಹೋಗಿದ್ದವು. ಎಷ್ಟು ನೀರು ಹಾಕಿದರೂ ಕಡ್ಡಿಯಾಗಿಯೇ ಉಳಿದವು. ನಳದ ಕಡೆಯವು ಒಂದೊಂದೇ ಚಿಗುರು ತೆಗೆದವು.

ಮೊದಲ ಮಳೆ ಬಿದ್ದ ಮೇಲೆ ಸಾಹೇಬರು ಬಂದರು. ನಾನು ಮಾತು ಸಿದ್ಧ ಮಾಡಿಕೊಂಡಿದ್ದೆ. ಎಲ್ಲ ಗಿಡ ಎಂದು ನೀವು ಹೇಳಿರಲಿಲ್ಲ, ಗಿಡ ಎಂದಷ್ಟೇ ಹೇಳಿದ್ದಿರಿ, ಹೀಗೆ. ಬಾಯಿ ತೆರೆಯುವಷ್ಟರಲ್ಲಿ ಅಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟ. ಭಾರವಾದ ಕೈ.

"ಎಲ್ಲಾ ಬದುಕಿಲ್ರಿ ಸಾಹೇಬ್ರ. ಮಾತು ಕೊಟ್ಟಾಂವ ನಾ. ಅರ್ಧಾ ಉಳಿಸೀವಿ" ಎಂದ.

ಸಾಹೇಬರು ಈ ತುದಿಯಿಂದ ಆ ತುದಿಗೆ ನಡೆದು ನೋಡಿದರು. ಚಿಗುರಿದ ಗಿಡಗಳಿದ್ದ ಕಡೆ ಓಣಿಯದು, ಕಡ್ಡಿಗಳಿದ್ದ ಕಡೆ ವ್ಯಾಪಾರಿಗಳದ್ದು ಎಂದು ಬಯಲಿನ ನಡುವೆ ಬೂಟಿನಿಂದ ಗೆರೆ ಎಳೆದರು. ಅಪ್ಪ ಅದಕ್ಕೂ ಹೂಂ ಎಂದ. ಮನೆಗೆ ಬಂದು, ಊಟ ಮಾಡದೆ, ಸಂಜೆಯಾಗುವವರೆಗೆ ಮಲಗಿದ.

ಈಗ ನೀವು ರಜೆಗೆ ಬಂದು ಆಡುವುದು ಆ ಉಳಿದ ಅರ್ಧದಲ್ಲಿ. ನಿಮ್ಮ ಶಾಲೆಯಲ್ಲಿ ಗಿಡ ನೆಡುವ ದಿನವಿದೆ, ಫೋಟೋ ಇದೆ, ಕಬ್ಬಿಣದ ಬೇಲಿಯಿದೆ, ನೀರಿಗೆ ಟ್ಯಾಂಕರ್ ಇದೆ. ಹಾಗಿರುವಾಗ ಗಿಡ ಕಾಯಲು ಓಣಿಯ ಜನ ಯಾಕೆ ಬೇಕು ಅಜ್ಜ ಎಂದು ನೀವು ನನ್ನ ಜೊತೆ ವಾದ ಮಾಡುತ್ತೀರಿ. ಒಳ್ಳೆಯ ವಾದ, ನನಗೆ ಪೂರ್ತಿ ಉತ್ತರ ಗೊತ್ತಿಲ್ಲ. ಆದರೆ ನಾನು ಜಗಲಿಯಲ್ಲಿ ಕೂತು ನೋಡುತ್ತಿರುತ್ತೇನೆ. ನಿಮ್ಮ ಚೆಂಡು ಬಾದಾಮಿ ಮರಗಳ ನೆರಳು ದಾಟಿ, ಹಾಸುಗಲ್ಲು ಪೇರಿಸಿದ ಬಿಸಿಲಿನ ಕಡೆ ಉರುಳಿದಾಗ, ನೆರಳಿನ ಅಂಚಿನಲ್ಲಿ ನೀವೆಲ್ಲ ಗಕ್ಕನೆ ನಿಲ್ಲುತ್ತೀರಿ. ನೀ ಹೋಗು, ನಾ ಯಾಕೆ, ನಿನ್ನೆ ನಾನೇ ತಂದೆ, ಇವತ್ತು ಅವನ ಸರದಿ. ನಮ್ಮ ಓಣಿಯಲ್ಲಿ ನಳದ ಮುಂದೆ ಆ ಬೇಸಿಗೆಯಿಡೀ ನಡೆದ ಜಗಳ ಅದೇ. ನಾನು ಅದನ್ನು ಬಿಡಿಸಲು ಬರುವುದಿಲ್ಲ. ಅದರಲ್ಲಿ ಯಾರೂ ಗೆಲ್ಲುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನಿಮ್ಮಲ್ಲಿ ಯಾರೋ ಒಬ್ಬರು ಗೊಣಗುತ್ತಾ ಬಿಸಿಲಿಗೆ ಇಳಿದು ಹೋಗುತ್ತಾರೆ.