ಬೆಕ್ಕಿಗೆ ಕಳಿಸಿದ ನಂಬರು

ಮೊಮ್ಮಗಳ ಕೆಲಸ ಖಾಯಂ ಆಯಿತು! ಮಣಿಪಾಲದ ಕಂಪ್ಯೂಟರ್ ಆಫೀಸಿನಲ್ಲಿ, ಫ್ಯಾನಿನ ಕೆಳಗೆ, ಅವಳಿಗೇ ಅಂತ ಒಂದು ಮೇಜು, ಒಂದು ಕುರ್ಚಿ! ಇದನ್ನು ಮೊದಲು ಹೇಳದಿದ್ದರೆ ನನಗೆ ಮುಂದಿನದು ಬರೆಯಲಾಗುವುದಿಲ್ಲ. ಆ ದಿನವೂ ಹಾಗೆಯೇ ಆಗಿತ್ತು. ಕಾಪುವಿನಲ್ಲಿ ಬಸ್ಸಿನಿಂದ ಇಳಿದು ಮನೆ ಸೇರುವಷ್ಟರಲ್ಲಿ ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದ್ದೆ. ಅವರಲ್ಲಿ ಇಬ್ಬರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಅದು ಗುಂಡಿ ಒತ್ತುವ ಫೋನುಗಳ ಕಾಲ. ನಾನು ಓದಿದ್ದು ಮೂರನೇ ಕ್ಲಾಸು, ಆಮೇಲೆ ಕಟ್ಟಿದ್ದು ಬೀಡಿ. ಮೊಮ್ಮಗಳು ಕಾರ್ಕಳದಲ್ಲಿ ಕಲಿತು, ಕಾಪುವಿನ ನನ್ನ ಮನೆಯಲ್ಲಿದ್ದುಕೊಂಡು ಮಣಿಪಾಲಕ್ಕೆ ಹೋಗಿಬರುತ್ತಿದ್ದಳು. ಆಫೀಸಿನವರು ಮೂರು ತಿಂಗಳು ನೋಡುತ್ತೇವೆ ಎಂದು ಇಟ್ಟುಕೊಂಡಿದ್ದರು. ಪಾಸಾದರೆ ಖಾಯಂ. ಇಲ್ಲವಾದರೆ ಕಾರ್ಕಳಕ್ಕೆ ವಾಪಸು. ಅಲ್ಲಿ ಅವಳ ಅಪ್ಪ, ನನ್ನ ಅಳಿಯ, ಕಲ್ಲುಕೋರೆಯ ಆಫೀಸಿನಲ್ಲಿ ಲಾರಿ ನಂಬರು ಬರೆಯುವ ಕೆಲಸ ಹೇಳಿಟ್ಟಿದ್ದರು.

ಮಣಿಪಾಲದ ಆಫೀಸಿನವರು ಮಾಡುತ್ತಿದ್ದದ್ದು ಫೋನಿನಲ್ಲೇ ಲಾಡ್ಜಿನ ರೂಮು ಹಿಡಿಯುವ ಒಂದು ಪ್ರೋಗ್ರಾಮು. ಈಗ ಅದಕ್ಕೆ ಆ್ಯಪ್ ಅನ್ನುತ್ತಾರೆ. ಅದರಲ್ಲಿ ಇವಳ ಪಾಲಿಗೆ ಬಂದದ್ದು ಒಂದೇ ಒಂದು ಚೌಕ. ಗಿರಾಕಿ ಅಲ್ಲಿ ತನ್ನ ಈಮೇಲ್ ವಿಳಾಸ ಬರೆದರೆ ಅದು ಸರಿಯೋ ತಪ್ಪೋ ಫೋನು ಹೇಳಬೇಕು. ತಪ್ಪನ್ನು ಒಳಗೆ ಬಿಟ್ಟರೆ ರೂಮಿನ ಚೀಟಿ ಎಲ್ಲಿಗೋ ಹೋಗಿ, ಗಿರಾಕಿ ಪೆಟ್ಟಿಗೆ ಹಿಡಿದುಕೊಂಡು ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಬೇಕು.

ಸೋಮವಾರ ಆಫೀಸಿನ ಯಜಮಾನರು ಅದನ್ನು ಪರೀಕ್ಷೆ ಮಾಡುವವರಿದ್ದರು. ಭಾನುವಾರ ಬೆಳಿಗ್ಗೆ ಅವಳು ಫೋನು ಹಿಡಿದು ನನ್ನ ಪಕ್ಕ ಕುಳಿತಳು.

"ಅಜ್ಜಿ, ನಿಮಗೆ ತೋಚಿದ ವಿಳಾಸ ಹೇಳಿ. ಇದನ್ನು ಕೆಡಿಸ್ಲಿಕ್ಕೆ ಆಗ್ತದಾ ನೋಡುವ."

"ಐಸ್ ಪ್ಲಾಂಟಿನ ಹಿಂದೆ, ತೆಂಗಿನ ಮರ ವಾಲಿದ ಮನೆ, ಕಾಪು" ಎಂದೆ.

ಫೋನು ತಪ್ಪೆಂದಿತು.

"ಎಂತ ತಪ್ಪು? ನಲವತ್ತು ವರ್ಷದಿಂದ ಪೋಸ್ಟಿನವನಿಗೆ ಗೊತ್ತುಂಟು, ಇದಕ್ಕೆ ಗೊತ್ತಿಲ್ವಾ?"

"ಹಾಗಲ್ಲ ಅಜ್ಜಿ. ನಡುವೆ ಅಟ್ ಗುರುತು ಬೇಕು, ಆಮೇಲೆ ಒಂದು ಚುಕ್ಕಿ, ಕೊನೆಗೆ ಕಾಮ್."

ಒಲೆಯ ಬೂದಿಯಲ್ಲಿ ಬೆಕ್ಕು ಮಲಗಿತ್ತು. "ಹಾಗಾದ್ರೆ ಬರಿ. ಬೆಕ್ಕು, ಅಟ್, ಒಲೆ, ಚುಕ್ಕಿ, ಕಾಮ್."

ಬರೆದಳು. ವಿಳಾಸ ಸರಿಯಿದೆ ಎಂದಿತು ಫೋನು! ನಾನು ನಕ್ಕ ನಗೆಗೆ ಮಡಿಲಿನ ಮೊರ ಜಾರಿ ಬೀಡಿಯೆಲ್ಲ ನೆಲಕ್ಕೆ ಬಿತ್ತು. ಅವಳು ನಗಲಿಲ್ಲ.

ಅಷ್ಟರಲ್ಲಿ ಪಕ್ಕದ ಅಂಗಡಿಯ ಬ್ಯಾರಿ ಕಾಕ ಒಳಗೆ ಬಂದರು. ಅವರ ಮಗ ದುಬೈಯಲ್ಲಿ. ಸಂಗತಿ ಕೇಳಿದವರೇ ಕಿಸೆಯಿಂದ ಚೀಟಿ ತೆಗೆದು, "ನನ್ನ ಮಗನದ್ದು ಹಾಕು ಮಗಾ, ಕಂಪೆನಿ ಕೊಟ್ಟ ವಿಳಾಸ" ಎಂದರು.

ಮೊಮ್ಮಗಳು ಹಾಕಿದಳು. ವಿಳಾಸ ಸರಿಯಿಲ್ಲ.

ಕಾಕನ ಮುಖ ಬಿಳಿಚಿತು. "ಸರಿಯಿಲ್ಲ ಅಂದ್ರೆ ಎಂತ? ಅವನು ಅಲ್ಲಿ ಇಲ್ವಾ?"

"ಅಯ್ಯೋ ಕಾಕ, ತಪ್ಪು ನನ್ನ ಕೋಡಿನಲ್ಲಿ..."

"ಬೆಕ್ಕು ಉಂಟು, ನನ್ನ ಮಗ ಇಲ್ಲ!" ಎನ್ನುತ್ತಾ ಅವರು ಎಸ್‌ಟಿಡಿ ಬೂತಿಗೆ ಓಡಿದರು. ಅರ್ಧ ಗಂಟೆ ಬಿಟ್ಟು ಬೆವರೊರೆಸಿಕೊಳ್ಳುತ್ತಾ ಬಂದರು. ಮಗ ಇದ್ದನಂತೆ. ಡ್ಯೂಟಿಯಿಂದ ಕರೆಸಿ 'ನೀನು ಇದ್ದೀಯಾ' ಎಂದು ಕೇಳಿದ್ದಕ್ಕೆ ಚೆನ್ನಾಗಿ ಬೈದನಂತೆ.

ಮೊಮ್ಮಗಳ ಕಣ್ಣು ತುಂಬಿತ್ತು. ಕಾಕನ ಮಗನ ವಿಳಾಸದ ಬಾಲದಲ್ಲಿ ಎರಡು ಚುಕ್ಕಿ ಇದ್ದವು, ಇವಳು ಒಂದಕ್ಕೆ ಮಾತ್ರ ಒಪ್ಪಿಗೆ ಕೊಟ್ಟಿದ್ದಳು. "ಬಿಗಿ ಮಾಡಿದ್ರೆ ಕಾಕನ ಮಗ ಹೊರಗೆ, ಸಡಿಲ ಮಾಡಿದ್ರೆ ಬೆಕ್ಕು ಒಳಗೆ. ನಾನು ಲಾರಿ ನಂಬರ್ ಬರೀಲಿಕ್ಕೇ ಸರಿ ಅಜ್ಜಿ."

ನನಗೆ ಸಿಟ್ಟು ಬಂತು. "ನಮ್ಮ ಬೀಡಿ ಬ್ರಾಂಚಿನ ಚೆಕ್ಕರ್ ಉದ್ದ ನೋಡಿ, ತಲೆ ನೋಡಿ ಬೀಡಿ ಬಿಸಾಡ್ತಿದ್ದ. ಚೆಂದ ಇದ್ದದ್ದೆಲ್ಲ ಹೊತ್ತಿಕೊಳ್ತದಾ? ಅದು ಎಳೆದವನಿಗೇ ಗೊತ್ತು. ನೀನೂ ಮುಖ ನೋಡಿ ಯಾಕೆ ತೀರ್ಮಾನ ಮಾಡ್ತೀ? ಆ ವಿಳಾಸಕ್ಕೆ ಒಂದು ಕಾಗದ ಹಾಕು. ಮುಟ್ಟಿತು ಅಂತ ಅವನೇ ಹೇಳ್ಲಿ."

ಅವಳು ನನ್ನನ್ನೇ ನೋಡಿದಳು. ಉಡುಪಿಯ ಬನ್ನಂಜೆಯಲ್ಲಿ ಕಂಪ್ಯೂಟರ್ ಇದ್ದ ಗೆಳತಿಯ ಮನೆಗೆ ಹೋದವಳು ಸಂಜೆಗೆ ಕುಣಿಯುತ್ತಾ ಬಂದಳು. ಇನ್ನು ಫೋನು ಅಟ್ ಗುರುತು ಉಂಟಾ ಎಂದು ಮಾತ್ರ ನೋಡುತ್ತದೆ, ನೋಡಿ ಆ ವಿಳಾಸಕ್ಕೆ ಒಂದು ನಂಬರು ಕಳಿಸುತ್ತದೆ. ಗಿರಾಕಿ ಅದನ್ನು ತಿರುಗಿ ಒತ್ತಿದರೆ ಮಾತ್ರ ವಿಳಾಸ ಸರಿ.

ಸೋಮವಾರ ಕಾಕ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಬಾಗಿಲಲ್ಲಿ ನಿಂತಿದ್ದರು. ಮಗನ ಮರ್ಯಾದೆಯ ಪ್ರಶ್ನೆ, ತಾನೂ ಮಣಿಪಾಲಕ್ಕೆ ಬರುವವನೇ ಎಂದರು. ಅವರು ಹೋಗುವುದಾದರೆ ನಾನು ಮನೆಯಲ್ಲಿ ಕುಳಿತುಕೊಳ್ಳುತ್ತೇನೆಯೇ?

ಆಫೀಸಿನಲ್ಲಿ ನಮ್ಮನ್ನು ನೋಡಿ ಯಜಮಾನರು, "ಇವರು ಯಾರಮ್ಮಾ?" ಎಂದರು.

ಮೊಮ್ಮಗಳು ನಮಗೆ ಕುರ್ಚಿ ಎಳೆದಿಟ್ಟಳು. "ಟೆಸ್ಟಿಂಗ್ ಟೀಮ್ ಸರ್."

ಯಜಮಾನರು ಕಾಕನ ಚೀಟಿ ನೋಡಿ ವಿಳಾಸ ಒತ್ತಿದರು. ನಂಬರು ಹೋಯಿತು. ನಂಬರು ಬಂದ ಕೂಡಲೇ ಫೋನು ಮಾಡು ಎಂದು ಕಾಕ ಬೆಳಿಗ್ಗೆಯೇ ಬೂತಿನಿಂದ ಮಗನಿಗೆ ಹೇಳಿಟ್ಟಿದ್ದರು. ಬರುವ ಕರೆಗೆಂದು ಮಾತ್ರ ಕಾಕ ಇಟ್ಟುಕೊಂಡಿದ್ದ ಮೊಬೈಲು ಬಡಿದುಕೊಂಡಿತು. ಮಗ ಅಲ್ಲಿಂದ ಕೂಗಿ ಹೇಳಿದ ನಂಬರು ಇಡೀ ಆಫೀಸಿಗೆ ಕೇಳಿಸಿತು. ಯಜಮಾನರು ಅದನ್ನು ಒತ್ತಿದರು. ವಿಳಾಸ ಸರಿಯಿದೆ! ಕಾಕ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು.

"ಇನ್ನು ಬೆಕ್ಕಿನದ್ದು ಹಾಕಿ. ಬೆಕ್ಕು, ಅಟ್, ಒಲೆ, ಚುಕ್ಕಿ, ಕಾಮ್" ಎಂದೆ ನಾನು.

ಯಜಮಾನರು ಮೊಮ್ಮಗಳನ್ನು ನೋಡಿದರು. "ಹಾಕಿ ಸರ್" ಎಂದಳು ಅವಳು, ತಲೆ ಎತ್ತದೆ.

ಬೆಕ್ಕಿಗೂ ನಂಬರು ಹೋಯಿತು. ನಾಲ್ಕು ಜನ ಮೇಜಿನ ಸುತ್ತ ಕುಳಿತು ಕಾದೆವು. ಚಹಾ ಬಂತು, ಕುಡಿದೆವು. ಯಜಮಾನರು ಗಡಿಯಾರ ನೋಡಿದರು.

"ನಿಮ್ಮ ಬೆಕ್ಕಿಗೆ ಎಷ್ಟು ಹೊತ್ತು ಬೇಕು ಅಜ್ಜಿ?"

"ಅದು ಹೇಳ್ಲಿಕ್ಕಿಲ್ಲ ಸರ್. ಅದು ಶಾಲೆಗೆ ನನಗಿಂತಲೂ ಕಮ್ಮಿ ಹೋದದ್ದು."

ಅವರು ಕನ್ನಡಕ ತೆಗೆದಿಟ್ಟು ನಕ್ಕರು. "ಈ ನಂಬರು ಕಳಿಸುವ ಉಪಾಯ ಯಾರದ್ದಮ್ಮಾ?"

"ಅಜ್ಜಿಯದ್ದು ಸರ್."

"ಅಜ್ಜಿಯನ್ನು ಕೆಲಸಕ್ಕೆ ತೆಗೊಳ್ಳಿಕ್ಕೆ ಆಗುದಿಲ್ಲ. ನೀನು ನಾಳೆಯಿಂದ ಖಾಯಂ."

ಸಂಜೆಗೆ ಮಗಳು, ಅಳಿಯ ಕಾರ್ಕಳದಿಂದ ಬಂದರು. ಕಾಕನ ಮನೆಯವರೂ ಬಿಸಿ ಅಕ್ಕಿರೊಟ್ಟಿ ಕಟ್ಟಿಕೊಂಡು ಬಂದರು. ಒಳಗೆ ಜಾಗ ಸಾಲದೆ ಚಾವಡಿಯ ತನಕ ಊಟಕ್ಕೆ ಕುಳಿತೆವು. ಬಂಗುಡೆ ಮೀನಿನ ಸಾರು ಕಲಸಿ ಎರಡು ತುತ್ತು ಉಂಡ ಮೇಲೆ ಅಳಿಯ, "ಕೋರೆಯವರಿಗೆ ನಾಳೆ ಹೇಳ್ತೇನೆ, ಬೇರೆ ಯಾರನ್ನಾದ್ರೂ ನೋಡಿಕೊಳ್ಳಿ ಅಂತ" ಎಂದರು. ಮೊಮ್ಮಗಳು ಬಾಯಿ ತುಂಬ ಅನ್ನ ಇಟ್ಟುಕೊಂಡೇ ನಕ್ಕಳು. ನಾನು ಅಳಿಯನ ತಟ್ಟೆಗೆ ಇನ್ನೊಂದು ಬಂಗುಡೆ ಬಡಿಸಿದೆ.