ಆ ಹಾಡಿನ ಕತೆ ಬೇಡವಂತೆ!

“ಅಣ್ಣಾ, ಜೇಬಿಂದ ಕೈ ತೆಗೀರಿ! ಎನರ್ಜಿ ಎಲ್ಲಿ?”

ವೈಟ್‌ಫೀಲ್ಡಿನ ನಮ್ಮ ಆಫೀಸಿನ ರಾಜ್ಯೋತ್ಸವದಲ್ಲಿ ನಿರೂಪಕ ಹೀಗೆ ಕೂಗಿದಾಗ, ವೇದಿಕೆ ಹತ್ತಿ ಅವನ ಮೈಕ್ ಕಿತ್ತುಕೊಳ್ಳೋಣ ಅನ್ನಿಸಿತು. ಇನ್ನೂ ನನ್ನ ಸಿಟ್ಟು ಇಳಿದಿಲ್ಲ.

ಅಂದು ಹಾಡಲು ಬಂದಿದ್ದ ನಾಗರಾಜನ ಆ ಹಾಡು ಈಗ ಎಲ್ಲಿಲ್ಲ ಹೇಳಿ? ಗಿಟಾರಿನಲ್ಲಿ ಮೆಲ್ಲಗೆ ಶುರುವಾಗಿ, ಕೊನೆಗೆ ಡ್ರಮ್ಸ್ ಜೊತೆ ಎದೆಗೆ ಗುದ್ದುವ ರಾಕ್ ಹಾಡು. ಮದುವೆ ವಿಡಿಯೋ, ರೀಲ್ಸ್, ಕಾಲರ್ ಟ್ಯೂನ್, ಎಲ್ಲ ಕಡೆ ಅದೇ. ಪ್ರೇಮಗೀತೆ ಅಂದುಕೊಂಡಿದ್ದಾರೆ ಜನ. ಖಂಡಿತ ಅಲ್ಲ!

ನಾಗರಾಜ ಮತ್ತು ಬಾಗಲಕೋಟೆ ಕಡೆಯ ಬಸವರಾಜ ಜಾಲಹಳ್ಳಿಯ ನಮ್ಮ ಅಮ್ಮನ ಮನೆಯ ಬೀದಿಯಲ್ಲಿ ರೂಮು ಮಾಡಿಕೊಂಡಿದ್ದರು. ಇಬ್ಬರಿಗೂ ಪೀಣ್ಯದ ಒಂದೇ ಫ್ಯಾಕ್ಟರಿಯಲ್ಲಿ ಕೆಲಸ. ನಾಗ ಹಾಡಿದರೆ ಬಸು ಗಿಟಾರ್ ನುಡಿಸುತ್ತಿದ್ದ. ಬಸು ಪವರ್ ಪ್ರೆಸ್ ಆಪರೇಟರ್, ತಗಡು ಒತ್ತಿ ಕತ್ತರಿಸುವ ಮೆಷಿನ್ ಅದು. ಕೈ ಅಡ್ಡ ಬಂದರೆ ಮೆಷಿನ್ ನಿಲ್ಲಿಸಲು ಸೆನ್ಸರ್ ಇರುತ್ತದಲ್ಲ, ಅದನ್ನು ಸೂಪರ್‌ವೈಸರ್ ಆಫ್ ಮಾಡಿಸಿದ್ದ. (ಪ್ರೊಡಕ್ಷನ್ ಜಾಸ್ತಿ ಬೇಕಲ್ಲ!) ಒಂದು ದಿನ ಬಸುವಿನ ಎಡಗೈ ಬೆರಳುಗಳು ಹೋದವು. ಗಿಟಾರ್ ಮೂಲೆ ಸೇರಿತು.

ಬಸು ಆಸ್ಪತ್ರೆಯಲ್ಲಿ ಗುನುಗುತ್ತಿದ್ದ ರಾಗಕ್ಕೆ ನಾಗ ಪಕ್ಕದಲ್ಲೇ ಕುಳಿತು ಮಾತು ಕಟ್ಟಿದ. ಮೊದಲು ಹಾಡಿದ್ದು ಆಯುಧಪೂಜೆಯ ದಿನ, ಹಾರ ಹಾಕಿ ಕುಂಕುಮ ಹಚ್ಚಿದ್ದ ಅದೇ ಪ್ರೆಸ್ಸಿನ ಎದುರು. ಯಾರೋ ಮೊಬೈಲಿನಲ್ಲಿ ಹಿಡಿದರು. ಆಮೇಲೆ ಬೇರೆಯವರು ಗಿಟಾರ್, ಡ್ರಮ್ಸ್ ಸೇರಿಸಿದರು, ಊರೆಲ್ಲ ಹಬ್ಬಿತು.

ಆದರೆ ಬಸುವಿನ ಹೆಸರು ಯಾರಿಗೂ ಗೊತ್ತಾಗಲಿಲ್ಲ. ಅದಕ್ಕೇ, ನಮ್ಮ ಆಫೀಸಿಗೆ ನಾನು ಕರೆದಾಗ ನಾಗರಾಜನದು ಒಂದೇ ಷರತ್ತು: ಬಸುವನ್ನು ವೇದಿಕೆಗೆ ಕರೆದು, ಈ ರಾಗ ಇವನದು ಎಂದು ಹೇಳಬೇಕು.

“ಸಾರ್, ಈ ಹಾಡು ಫ್ಯಾಕ್ಟರೀಲಿ...” ಎಂದು ಕಾರ್ಯಕ್ರಮಕ್ಕೆ ಮುಂಚೆ ನಾಗ ನಿರೂಪಕನೆದುರು ಬಾಯಿ ತೆರೆದಿದ್ದನಷ್ಟೇ.

“ಗುರು, ಕತೆಗಿತೆ ಬೇಡ. ಮೂಡ್ ಆಫ್ ಆಗುತ್ತೆ. ಲವ್ ಸಾಂಗ್ ಅಂತ ಅನೌನ್ಸ್ ಮಾಡ್ತೀನಿ,” ಎಂದ ನಿರೂಪಕ. ನಾನು ನಡುವೆ ಬಾಯಿ ಹಾಕಿದರೆ, “ಮೇಡಂ, ಊಟ ರೆಡಿ ಇದೆ, ಟೈಮ್ ಇಲ್ಲ.”

ಕೆಂಪು ಹಳದಿ ಶಾಲು ಹೊದ್ದು ವರ್ಷಕ್ಕೊಂದು ಸಂಜೆ ಕನ್ನಡ. ಅದರಲ್ಲಿ ಎರಡು ಮಾತಿಗೂ ಜಾಗವಿಲ್ಲವೇ?

ಹಾಡುವುದಿಲ್ಲ ಎಂದು ಕುಳಿತ ನಾಗನನ್ನು ಬಸುವೇ ಎಬ್ಬಿಸಿದ. “ಇರ್ಲಿ ಬಿಡಲೇ. ಕೇಳಾಕ ಬಂದೀನಿ, ಹಾಡು.”

ಹಾಡು ಏರಿತು. ಎಲ್ಲರೂ ಕೈ ಎತ್ತಿ ಬೀಸುತ್ತಿದ್ದರು. ಮುಂದಿನ ಸಾಲಿನಲ್ಲಿದ್ದ ಬಸುವಿನ ಎಡಗೈ ಮಾತ್ರ ಜೇಬಿನಲ್ಲಿತ್ತು. ಆಗಲೇ ನಿರೂಪಕ ಕೂಗಿದ್ದು.

ಬಸು ಕೈ ತೆಗೆದ. ಎತ್ತಿದ. ನಾಗ ಹಾಡು ಅಲ್ಲೇ ನಿಲ್ಲಿಸಿದ, ಅಕ್ಕಪಕ್ಕದವರು ತಲೆ ತಗ್ಗಿಸಿದರು.

“ಯಾಕ ನಿಲ್ಲಿಸಿದ್ಯೋ?” ಎಂದ ಬಸು, ನಗಲು ನೋಡುತ್ತಾ.

ಆಮೇಲೆ ಆ ನಿರೂಪಕ ನನ್ನ ಹತ್ತಿರ ಬಂದು, ನನ್ನ ಮೇಲೇ ರೇಗಿದ: “ಏನ್ ಮೇಡಂ, ಮೊದ್ಲೇ ಒಂದ್ ಮಾತು ಹೇಳ್ಬಾರ್ದಿತ್ತಾ?”